ಡಿ ಅಂದ್ರ ದಬ್ಬು

ಎಳ್ಳಮಾಸಿಯ ದಿನ ಮಧ್ಯಾಹ್ನ ನಮ್ಮ ಸರಸಂಬಾಕ್ಕೆ ಬಂದರೆ ಮಾತಾಡಿಸಲು ನಾಯಿಗಳು ಮಾತ್ರ ಸಿಗುತ್ತವೆ. ಉಳಿದ ಊರೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ಚರಗ ಚೆಲ್ಲಲು ಹೋಗಿರುತ್ತದೆ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ, ಶೇಂಗಾದ ಹೋಳಿಗೆ ತುಂಬಿದ ನಮ್ಮ ಮನೆಯ ಬುಟ್ಟಿ ಒಂದು ವರ್ಷ ತೊಗಲಿನ ಸೀಟಿನ ಮೇಲೆ ಬೆಲ್ಟು ಹಾಕಿಕೊಂಡು ಕೂತಿತ್ತು. ಭಾರ ಕಂಡರೆ ಸೀಟು ಅದನ್ನು ಮನುಷ್ಯನೆಂದೇ ತಿಳಿದು ಬೆಲ್ಟು ಹಾಕುವವರೆಗೆ ಕುಂಯ್‌ಗುಡುತ್ತದೆ. ಭಜ್ಜಿಯ ಗಡಿಗೆಗೆ ಬೆಲ್ಟು ಬಿಗಿದ ಮನೆತನ ಆಳಂದ ತಾಲ್ಲೂಕಿನಲ್ಲಿ ನಮ್ಮದೇ ಮೊದಲಿರಬೇಕು.

ಊರು ದಾಟಿ ಎರಿ ಹೊಲದ ದಾರಿ ಹಿಡಿದದ್ದೇ ತಡ, ಗಾಡಿ ನಿಂತಿತು. ಎಂಜಿನ್ ನಿಂತಿರಲಿಲ್ಲ, ಅದು ಹಾಲುಂಡ ಬೆಕ್ಕಿನಂತೆ ಗುರುಗುಡುತ್ತಲೇ ಇತ್ತು. ಎಕ್ಸಲರೇಟರ್ ಒತ್ತಿದರೆ ಮುಳ್ಳು ಮೂರು ಸಾವಿರಕ್ಕೆ ಏರುತ್ತಿತ್ತು. ಪರದೆಯಲ್ಲಿ ದಪ್ಪ ಅಕ್ಷರದ ‘ಡಿ’ ಹೊಳೆಯುತ್ತಿತ್ತು. ಗಾಲಿಗೆ ಮಾತ್ರ ಈ ಯಾವ ಸುದ್ದಿಯೂ ತಲುಪಿರಲಿಲ್ಲ. ಆಮೇಲೆ ಪರದೆಯ ಮೇಲೊಂದು ಹಳದಿ ಚಿತ್ರ ಮೂಡಿತು. ಪಕ್ಕದಲ್ಲಿ ಇಂಗ್ಲಿಷ್ ಬರಹ: ಗೇರ್‌ಬಾಕ್ಸಿನಲ್ಲಿ ದೋಷವಿದೆ, ಸಾವಕಾಶ ನಡೆಸಿಕೊಂಡು ಹೋಗಿ. ನಿಂತ ಗಾಡಿಯನ್ನು ಇನ್ನೂ ಸಾವಕಾಶ ನಡೆಸುವುದು ಹೇಗೆಂಬುದನ್ನು ಜರ್ಮನಿಯವರು ಬರೆದಿರಲಿಲ್ಲ.

ಮುಂದಿನ ಸೀಟಿನಲ್ಲಿ ಮುತ್ಯಾ ಇದ್ದ.

“ಯಾಕ ತಮ್ಮಾ, ನಿಂದ್ರಿಸಿದಿ?”

“ನಾ ನಿಂದ್ರಿಸಿಲ್ಲ ಮುತ್ಯಾ. ಡಿ ಹಾಕೀನಿ.”

“ಡಿ ಅಂದ್ರ ಏನು?”

ನಾನು ಬಾಯಿ ತೆರೆಯುವ ಮೊದಲೇ ಕಿಟಕಿಗೆ ಮೂಗು ಹಚ್ಚಿದ್ದ ಹುಡುಗನೊಬ್ಬ ಉತ್ತರ ಕೊಟ್ಟ: “ದಬ್ಬು ಅಂತ ಮುತ್ಯಾ!”

ಹಿಂದೆ ಬಂಡಿಗಳು ಸಾಲುಗಟ್ಟಿದ್ದವು. ಎಂಟು ಹುಡುಗರು ದಬ್ಬಿದರು. ದಬ್ಬಿ ಸ್ಟಾರ್ಟ್ ಮಾಡುವುದು ನಮ್ಮ ಕಡೆ ಹುಟ್ಟಿನಿಂದ ಬಂದ ವಿದ್ಯೆ. ಜೀಪು, ಟೆಂಪೊ, ಒಮ್ಮೊಮ್ಮೆ ಬಸ್ಸು, ಯಾವುದಕ್ಕೂ ಆದೀತು. ಆದರೆ ಆಟೋಮ್ಯಾಟಿಕ್ ಗಾಡಿಯನ್ನು ದಬ್ಬಿದರೆ ಅದು ದಬ್ಬಿದಷ್ಟೇ ದೂರ ಹೋಗುತ್ತದೆ. ದಾರಿ ತೆರವಾದದ್ದೊಂದೇ ಲಾಭ. ನಮ್ಮ ಬುಟ್ಟಿಯನ್ನು ಪಕ್ಕದ ಹೊಲದವರು ತಮ್ಮ ಬಂಡಿಯಲ್ಲಿ ಇಟ್ಟುಕೊಂಡು ಹೋದರು. ಹಿಂದೆಯೇ ಮನೆಯಾಕೆ ಹೋದಳು. ಮುತ್ಯಾನೂ ಇಳಿದು ಬಂಡಿ ಹತ್ತಿದ. ಆ ಬಂಡಿಯ ಎತ್ತುಗಳಿಗೆ ಕೊಂಬಿಗೆ ಬಣ್ಣವಿತ್ತು, ಕೊರಳಲ್ಲಿ ಗೆಜ್ಜೆಯಿತ್ತು, ಡಿ ಇರಲಿಲ್ಲ.

ಈ ಗಾಡಿ ನನ್ನ ಮನೆಗೆ ಬಂದದ್ದು ತೊಗರಿಯಿಂದ. 2022ರಲ್ಲಿ ನೆಟೆ ರೋಗ ಬಿದ್ದು ಕಲಬುರಗಿ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತ್ತು. ಮರುವರ್ಷದ ಫಸಲು ಮಾರುವ ಹೊತ್ತಿಗೆ ದರ ಕ್ವಿಂಟಲ್‌ಗೆ 10 ಸಾವಿರ ದಾಟಿತು. ಅಂಥ ದರ ಕಂಡ ರೈತನ ತಲೆ ಎತ್ತ ಓಡುತ್ತದೆಂದು ಯಾವ ಕೃಷಿ ವಿಶ್ವವಿದ್ಯಾಲಯವೂ ಸಂಶೋಧನೆ ಮಾಡಿಲ್ಲ. ನನ್ನದು ದಿಲ್ಲಿಗೆ ಓಡಿತು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. ಮುದ್ರೆ ಇರುವ ಬೇಳೆ ಬೆಳೆಯುವವನು ಮೂತಿಯ ಮೇಲೆ ಮುದ್ರೆಯಿಲ್ಲದ ಗಾಡಿಯಲ್ಲಿ ಯಾಕೆ ತಿರುಗಬೇಕು ಎಂಬುದು ನಮ್ಮ ಅಕ್ಕನ ಮಗನ ವಾದ. ಗಾಡಿ ಹುಡುಕಿದ್ದೂ ಅವನೇ, ಮೊಬೈಲಿನಲ್ಲಿ.

ದಿಲ್ಲಿಯಲ್ಲಿ ಇಂಥ ಗಾಡಿ ಆಗ ಅಗ್ಗಕ್ಕೆ ಸಿಗುತ್ತಿದ್ದುದಕ್ಕೆ ಕಾರಣವುಂಟು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದಿಲ್ಲಿ ಸೀಮೆಯಲ್ಲಿ ಓಡಕೂಡದೆಂದು 2015ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದಕ್ಕೆ ಹೂಂ ಎಂದಿತು. ಒಂಬತ್ತನೇ ವರ್ಷ ಹತ್ತಿರ ಬಂದದ್ದೇ ದಿಲ್ಲಿಯ ಸಾಹೇಬರಿಗೆ ತಮ್ಮ ಗಾಡಿ ವಯಸ್ಸಿಗೆ ಬಂದ ಮಗಳಂತೆ ಕಾಣತೊಡಗುತ್ತಿತ್ತು, ಎಲ್ಲಿಯಾದರೂ ಕೊಟ್ಟರೆ ಸಾಕು. ನಿರಾಕ್ಷೇಪಣ ಪತ್ರವೊಂದು ಕೈಗೆ ಸಿಕ್ಕರೆ ಗಾಡಿ ದಕ್ಷಿಣಕ್ಕೆ ಮುಖ ಮಾಡುತ್ತಿತ್ತು. ದಿಲ್ಲಿಯ ಗಾಳಿಗೆ ಆಗದ ಹೊಗೆ ಆಳಂದದ ಗಾಳಿಗೆ ಆಗಿಬರುತ್ತದೆ. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ಪಂಪಿನಲ್ಲಿ ಎಣ್ಣೆಯನ್ನೇ ಹಾಕುವುದಿಲ್ಲವೆಂದು ದಿಲ್ಲಿಯಲ್ಲಿ ಆದೇಶ ಜಾರಿಗೆ ಬಂತು, ಗದ್ದಲ ಎದ್ದ ಮೇಲೆ ಕೆಲವೇ ದಿನದಲ್ಲಿ ತಣ್ಣಗೂ ಆಯಿತು. ಅಷ್ಟೊತ್ತಿಗೆ ನನ್ನದು ಬೇವಿನ ಗಿಡದ ಕೆಳಗೆ ನಿಂತಿತ್ತು. ಯಾವ ಪಂಪಿನವರೂ ಎಣ್ಣೆ ಹಾಕುವುದಿಲ್ಲ ಎನ್ನುವ ಪ್ರಸಂಗವೇ ಅದಕ್ಕಿರಲಿಲ್ಲ.

ಹೊಸದರಲ್ಲಿ 40 ಲಕ್ಷ ದಾಟಿದ್ದ ಗಾಡಿ 9 ಲಕ್ಷಕ್ಕೆ ಬಂತು. ಆವತ್ತಿನ ಲೆಕ್ಕದಲ್ಲಿ 90 ಕ್ವಿಂಟಲ್ ತೊಗರಿ. ಅಗ್ಗದ ಆಸೆಗೆ ಮುಗ್ಗಿದ ಜೋಳ ಎಂಬ ಗಾದೆಯನ್ನು ಜೋಳ ತಿನ್ನುವ ನಾಡಿನಲ್ಲೇ ಹುಟ್ಟಿ ಮರೆತವನು ನಾನು.

ನಾಚಿಕೆ ಬಿಟ್ಟು ಇನ್ನೊಂದು ಮಾತು ಹೇಳಬೇಕು. ಎತ್ತು ಕೊಳ್ಳಲು ಸಂತೆಗೆ ಹೋದರೆ ನಾನು ಶ್ಯಾಣ್ಯಾ. ಬಾಯಿ ತೆರೆಸಿ ಹಲ್ಲು ನೋಡುತ್ತೇನೆ: ಎರಡ್ಹಲ್ಲೋ, ನಾಲ್ಕ್ಹಲ್ಲೋ, ಬಾಯಿಗೂಡಿದೆಯೋ. ಸುಳಿ ನೋಡುತ್ತೇನೆ, ಗೊರಸು ತಟ್ಟುತ್ತೇನೆ, ನೊಗ ಹೇರಿ ನಾಲ್ಕು ಹೆಜ್ಜೆ ನಡೆಸುತ್ತೇನೆ. ದಲಾಲಿ ಟವೆಲ್ಲಿನ ಕೆಳಗೆ ನನ್ನ ಬೆರಳು ಹಿಡಿದು ಬೆಲೆ ಹೇಳಿದರೆ ನಾನೂ ಬೆರಳಲ್ಲೇ ಜಗ್ಗಾಡುತ್ತೇನೆ. ಅಂಥ ನಾನು 9 ಲಕ್ಷದ ಗಾಡಿಯನ್ನು ಹನ್ನೊಂದು ಫೋಟೊ ಮತ್ತು ಒಂದು ಹಾಡಿನ ವಿಡಿಯೊ ನೋಡಿ ಕೊಂಡೆ. ಮೀಟರು 62 ಸಾವಿರ ಕಿ.ಮೀ. ತೋರಿಸುತ್ತಿತ್ತು. “ಒಬ್ಬರೇ ಮಾಲೀಕರು, ಡಾಕ್ಟರು, ಆಸ್ಪತ್ರೆಗೆ ಹೋಗಿ ಬರೋದಷ್ಟೇ,” ಎಂದ ದಲಾಲಿ. ಸೆಕೆಂಡ್‌ಹ್ಯಾಂಡ್ ಗಾಡಿಗಳ ಲೋಕದಲ್ಲಿ ಎಲ್ಲ ಮಾಲೀಕರೂ ಡಾಕ್ಟರೇ. ದೇಶದಲ್ಲಿ ಡಾಕ್ಟರುಗಳ ಕೊರತೆ ಇದೆ ಎಂದು ಪೇಪರಿನವರು ಯಾಕೆ ಬರೆಯುತ್ತಾರೋ ತಿಳಿಯದು.

ಕೆಎ-32 ಫಲಕ ಬೇಕಲ್ಲ, ತೆರಿಗೆ ಕಟ್ಟಲು ಹೋದೆ. ನಾನು ಎಷ್ಟಕ್ಕೆ ಕೊಂಡೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಗಾಡಿ ಹುಟ್ಟಿದ ದಿನದ ಬೆಲೆ ಹಿಡಿದು, 20 ಲಕ್ಷ ಮೀರಿದ್ದಕ್ಕೆ ನೂರಕ್ಕೆ 18ರ ಲೆಕ್ಕ ಹಾಕಿ, ಕಳೆದ ವರ್ಷಗಳಿಗೆ ತಕ್ಕಷ್ಟು ಇಳಿಸಿ, ಮೇಲೊಂದಿಷ್ಟು ಸೆಸ್ ಚಿಮುಕಿಸಿ ರಸೀದಿ ಹರಿಯುತ್ತಾರೆ. ಹೆಸರು ಲೈಫ್‌ಟೈಮ್ ಟ್ಯಾಕ್ಸ್. ಆ ಹೆಸರು ಕೇಳಿ ನನಗೂ ಗಾಡಿಗೂ ನೂರು ವರ್ಷವೆಂದು ಸಂತೋಷಪಟ್ಟೆ.

ಮೂರನೇ ತಿಂಗಳಿಗೆ ಗಾಡಿ ನಡುಗತೊಡಗಿತು. ಐವತ್ತು-ಅರವತ್ತರ ವೇಗದಲ್ಲಿ, ಸಪಾಟಾದ ರಸ್ತೆಯಲ್ಲೇ, ಗೆರೆ ಹೊಡೆದ ಹಂಪಿನ ಮೇಲೆ ಹೋದಂತೆ ದಡದಡ. ಹಿಂದಕ್ಕೆ ತೆಗೆದು ಮುಂದಕ್ಕೆ ಹಾಕಿದರೆ ಎರಡು ಸೆಕೆಂಡು ಧ್ಯಾನ, ಆಮೇಲೆ ಧಡಕ್ಕನೆ ಜಿಗಿತ. ಕಬ್ಬಿನ ಟ್ರಾಲಿಯ ಹಿಂದೆ ಸಿಕ್ಕಿಕೊಂಡರಂತೂ ಒಂದೋ ಎರಡೋ, ಎರಡೋ ಮೂರೋ ಎಂದು ಗೇರು ಹೊಯ್ದಾಡುತ್ತಿತ್ತು. ದಲಾಲಿಗೆ ಫೋನ್ ಹಚ್ಚಿದೆ.

“ಅದು ಅಡಾಪ್ಟೇಶನ್ ಸಾಬ್. ಗಾಡಿ ನಿಮ್ಮ ಡ್ರೈವಿಂಗ್ ಕಲೀತಾ ಇದೆ. ಟೈಮ್ ಕೊಡಿ.”

ಇದು ಅರ್ಧ ಖರೇ. ಈ ಗೇರ್‌ಬಾಕ್ಸುಗಳ ಕಂಪ್ಯೂಟರು ನಡೆಸುವವನ ಕಾಲಿನ ಚಾಳಿ, ತನ್ನೊಳಗಿನ ಸವಕಳಿ ಎರಡನ್ನೂ ನೋಡಿಕೊಂಡು ಒತ್ತಡ ಹೊಂದಿಸುತ್ತಿರುತ್ತದೆ. ಉಳಿದರ್ಧ ಸುಳ್ಳನ್ನು ಈ ಖರೇ ಅರ್ಧ ಹೊತ್ತುಕೊಂಡು ತಿರುಗುತ್ತದೆ. ನಾನು ಊರವರಿಗೆಲ್ಲ ಹೇಳಿದೆ: ದಿಲ್ಲಿ ಗಾಡಿ, ಇನ್ನೂ ಸರಸಂಬಾದ ಹವಾ ಹಿಡಿದಿಲ್ಲ. ಜನ ನಂಬಿದರು. ಸಂತೆಯಿಂದ ತಂದ ಹೊಸ ಎತ್ತೂ ನಾಲ್ಕು ದಿನ ಮೇವು ಬಿಡುತ್ತದೆ.

ಮೇ ತಿಂಗಳಲ್ಲಿ ಆಳಂದದ ಮಿಸ್ತ್ರಿ ಹತ್ತಿರ ಒಯ್ದೆ. ಟ್ರ್ಯಾಕ್ಟರಿನ ಕೈ ಅವನದು, ಕಿವಿಯಲ್ಲೇ ರೋಗ ಹಿಡಿಯುವವ. ಬಾನೆಟ್ ಎತ್ತಿ ಹುಡುಕಿದ, ಬಗ್ಗಿ ಹುಡುಕಿದ, ಮೇಲೆದ್ದು ನನ್ನ ಮುಖ ನೋಡಿದ.

“ಸಾವ್ಕಾರ್ರ, ಗೇರಿನ ಎಣ್ಣಿ ನೋಡೋ ಕಡ್ಡೀನೇ ಇಲ್ಲಲ್ರೀ ಇದಕ್ಕ?”

“ಲೈಫ್‌ಟೈಮ್ ಎಣ್ಣಿ ಅಂತ. ನೋಡೋ ಜರೂರತ್ತಿಲ್ಲಂತ.”

“ಯಾರ ಲೈಫ್‌ಟೈಮ್‌ರೀ? ಎಣ್ಣೀದೋ, ಗಾಡೀದೋ, ನಿಮ್ದೋ?”

ಮೂರು ವರ್ಷ ಕಾನೂನು ಓದಿದವರೂ ಕೇಳಲಾರದ ಪ್ರಶ್ನೆ. ನನ್ನ ಗಾಡಿಯ ಪುಸ್ತಕದಲ್ಲಿ ಗೇರಿನ ಎಣ್ಣೆ ಬದಲಿಸುವ ಸಾಲೇ ಇಲ್ಲ. ಇಂಥ ಎಷ್ಟೋ ಕಂಪನಿಗಳ ಕಾರಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್‌ನವರು ಮಾತ್ರ, ಎಂಟು ವರ್ಷಕ್ಕೋ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ಒಳಗೋ ಎಣ್ಣೆ ಬದಲಿಸಿ ಎನ್ನುತ್ತಾರೆ. ಹಡೆದವಳು ಕೂಸಿಗೆ ಎಣ್ಣೆ ಹಚ್ಚಿ ಎನ್ನುತ್ತಾಳೆ, ಸಾಕಿಕೊಂಡವರು ಬೇಡ ಎನ್ನುತ್ತಾರೆ. ಈ ಝಡ್‌ಎಫ್ 1915ರಲ್ಲಿ ಹುಟ್ಟಿದ್ದು ಝೆಪ್ಪೆಲಿನ್ ಎಂಬ ಗಾಳಿ ಹಡಗಿಗೆ ಹಲ್ಲುಚಕ್ರ ಮಾಡಿಕೊಡಲು. ಗಾಳಿ ತುಂಬಿದ ಚೀಲಕ್ಕೆ ಗೇರು ಮಾಡಿದವರೇ ಎಣ್ಣೆಯ ವಿಷಯದಲ್ಲಿ ಗಾಳಿ ಮಾತಾಡಲಿಲ್ಲ.

ಕೂತು ಲೆಕ್ಕ ಹಾಕಿದರೆ ಒಂದೇ ಗಾಡಿಗೆ ಮೂರು ಆಯುಷ್ಯ. ನೋಂದಣಿಯ ಕಾಯ್ದೆಯಲ್ಲಿ 15 ವರ್ಷ. ದಿಲ್ಲಿಯ ಗಾಳಿಯಲ್ಲಿ ಆಗ 10. ಕಂಪನಿಯ ವಾರಂಟಿಯಲ್ಲಿ ಎರಡೋ ಮೂರೋ. ಎಣ್ಣೆಯ ‘ಲೈಫ್‌ಟೈಮ್’ ಇವುಗಳಲ್ಲಿ ಯಾವುದೆಂದು ಕೇಳಿ ನೋಡಿ. ಗಾಡಿಯನ್ನು ಮೊದಲು ಕೊಂಡವನು ಅದನ್ನು ಮಾರುವವರೆಗಿನ ಕಾಲವೇ ಅದರ ಜೀವಮಾನ. ಆಮೇಲಿನದು ಪುನರ್ಜನ್ಮ, ಅದಕ್ಕೆ ಕಂಪನಿ ಜವಾಬ್ದಾರಿಯಲ್ಲ. ಹಿಂದಿನ ಜನ್ಮದ ಕರ್ಮವನ್ನು ಈ ಜನ್ಮದಲ್ಲಿ ತೀರಿಸುವವನು ನಾನು. ತೆರಿಗೆ ಮಾತ್ರ ಹುಟ್ಟಿದ ದಿನದ ಬೆಲೆಯ ಮೇಲೆ.

ಎಣ್ಣೆಯ ಮಟ್ಟ ನೋಡುವುದೂ ಒಂದು ವ್ರತ. ಗಾಡಿ ಸಮತಟ್ಟಾಗಿ ನಿಲ್ಲಬೇಕು, ಎಂಜಿನ್ ನಡೆಯುತ್ತಿರಬೇಕು, ಎಣ್ಣೆ 30ರಿಂದ 50 ಡಿಗ್ರಿಯೊಳಗಿರಬೇಕು. ಆಗ ಪಕ್ಕದ ಬಿರಟೆ ಬಿಚ್ಚಿದರೆ ಸಣ್ಣಗೆ ಸೋರಬೇಕು, ಸೋರಿದರೆ ಮಟ್ಟ ಸರಿ. ಮೇ ತಿಂಗಳ ಆಳಂದದಲ್ಲಿ ನೆರಳೇ 42. ಎಂಜಿನ್ ಚಾಲೂ ಮಾಡಿ ಮಿಸ್ತ್ರಿ ಪಾನಾ ಎತ್ತಿಕೊಳ್ಳುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು. ಕಡೆಗೆ ನಸುಕಿನ ಐದಕ್ಕೆ ಕೆಲಸ ಇಟ್ಟುಕೊಂಡೆವು. ಲಗ್ನದ ಅಕ್ಕಿಕಾಳಿಗೂ ನಾನು ಅಷ್ಟು ನಸುಕಿನಲ್ಲಿ ಎದ್ದು ಹೋದವನಲ್ಲ.

ಕೆಳಗಿನ ಬಿರಟೆ ಬಿಚ್ಚಿದ. ಹೊಸದರಲ್ಲಿ ಈ ಎಣ್ಣೆ ಸಾಮಾನ್ಯವಾಗಿ ಕೆಂಪಗೆ, ಆರತಿ ತಟ್ಟೆಯ ಕುಂಕುಮದ ನೀರಿನಂತಿರುತ್ತದೆ. ಬುಟ್ಟಿಗೆ ಬಿದ್ದದ್ದು ಕರಿ ಕಷಾಯ. ಮಿಸ್ತ್ರಿ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ತಿಕ್ಕಿದ, ಮೂಗಿಗೆ ಹಿಡಿದ, ಆಮೇಲೆ ಅದೇ ಬೆರಳನ್ನು ನನ್ನ ಮೂಗಿಗೂ ಹಿಡಿದ. “ತಳ ಹತ್ತಿದ ಬ್ಯಾಳಿ ವಾಸನಿ ಬರ್ಲತ್ತದ ನೋಡ್ರಿ.” ಬೇಳೆಯ ವಿಷಯದಲ್ಲಿ ಸರಸಂಬಾದವನಿಗೆ ಸುಳ್ಳು ಹೇಳಲಾಗದು. ಹತ್ತಿತ್ತು. ತಳದ ತಟ್ಟೆಯಲ್ಲಿ ಅಯಸ್ಕಾಂತದ ನಾಲ್ಕು ಬಿಲ್ಲೆಗಳಿದ್ದವು. ಸವೆದ ಕಬ್ಬಿಣದ ಪುಡಿ ಅವುಗಳ ಮೇಲೆ ಕಾಡಿಗೆಯಂತೆ ಕೂತಿತ್ತು, ಬೆರಳಿಂದ ತೆಗೆದು ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವಷ್ಟು ನುಣುಪು.

ಮಿಸ್ತ್ರಿ ಮೊದಲೇ ಎಚ್ಚರಿಸಿದ್ದ. “ಹಳೀ ಹೊಲಸೇ ಇದನ್ನ ಹಿಡಕೊಂಡು ನಿಂತಿರ್ತದ್ರಿ. ಹೊಲಸು ತಗದ್ರ ನಡೀತದಂತ ಖಾತ್ರಿ ಇಲ್ಲ.” ತನ್ನೊಳಗಿನ ಹೊಲಸಿನ ಹಿಡಿತದಿಂದಲೇ ನಡೆಯುವ ಸಂಸ್ಥೆಗಳಲ್ಲಿ ನಾನೂ ಒಂದೆರಡರ ಡೈರೆಕ್ಟರಿದ್ದೇನೆ, ಹಾಗಾಗಿ ಮಾತು ಕೂಡಲೇ ತಿಳಿಯಿತು. ಆದರೂ ಹಾಕಿಸಿದೆ. ಹೊಸ ಎಣ್ಣೆಯ ಒಂದು ಲೀಟರಿನ ದರಕ್ಕೆ ಮನೆಗೆ ಎಷ್ಟು ಕುಸುಬಿ ಎಣ್ಣೆ ಬರುತ್ತಿತ್ತೆಂದು ಮನೆಯಾಕೆ ಇನ್ನೂ ಎಣಿಸುತ್ತಿದ್ದಾಳೆ. ಬಿಚ್ಚಿದರೂ ಎಲ್ಲ ಎಣ್ಣೆ ಇಳಿಯುವುದಿಲ್ಲ, ಅರ್ಧದಷ್ಟು ಕನ್ವರ್ಟರಿನ ಹೊಟ್ಟೆಯಲ್ಲೇ ಉಳಿಯುತ್ತದೆ.

ಈ ಕನ್ವರ್ಟರೇ ಆಟೋಮ್ಯಾಟಿಕ್ಕಿನ ಒಳಗುಟ್ಟು. ಎರಡು ಚಕ್ರಗಳು ಎದುರುಬದುರು ಇರುತ್ತವೆ, ಒಂದನ್ನೊಂದು ಮುಟ್ಟುವುದಿಲ್ಲ. ಎಂಜಿನ್ ಕಡೆಯದು ತಿರುಗಿ ಎಣ್ಣೆಯನ್ನು ಎಸೆಯುತ್ತದೆ, ಎಣ್ಣೆಯ ಹೊಡೆತಕ್ಕೆ ಗಾಲಿ ಕಡೆಯದು ತಿರುಗುತ್ತದೆ. ಕಳಿಸಿದ್ದಷ್ಟೂ ತಲುಪುವುದಿಲ್ಲ, ನಡುವೆ ಜಾರುತ್ತದೆ. ಜಾರಿದ್ದು ಬಿಸಿಯಾಗುತ್ತದೆ. ಓಟ ಹದಕ್ಕೆ ಬಂದಾಗ ಎರಡನ್ನೂ ಬಿಗಿದು ಕಟ್ಟಲು ಒಳಗೊಂದು ಕ್ಲಚ್ ಇದೆ. ಅದು ಹಿಡಿಯಲಾರದೆ ಜಾರಿದಾಗಲೇ ನನ್ನ ಗಾಡಿಯ ದಡದಡ. ಬೆಂಗಳೂರಿನಿಂದ ಹೊರಟ ಅನುದಾನ ನಮ್ಮೂರಿನ ರಸ್ತೆ ಮುಟ್ಟುವ ರೀತಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಬಂದದ್ದು 2013ರಲ್ಲಿ, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾದದ್ದು 2019ರಲ್ಲಿ. ಪರದೆಯಲ್ಲಿ ಡಿ ಅಂತೂ ದಪ್ಪಗೆ ಹೊಳೆಯುತ್ತಿದೆ. ಎಂಜಿನ್ ಸದ್ದೂ ಜೋರಿದೆ.

ಅದೇ 2013ರಲ್ಲಿ ಚೀನಾದಲ್ಲೊಂದು ಪ್ರಸಂಗ ನಡೆಯಿತು. ಮಾರ್ಚ್ 15ರ ಗ್ರಾಹಕರ ದಿನ ಅಲ್ಲಿನ ಸರ್ಕಾರಿ ಟಿ.ವಿ. ಫೋಕ್ಸ್‌ವ್ಯಾಗನ್‌ನ ಎರಡು ಕ್ಲಚ್ಚಿನ ಗೇರ್‌ಬಾಕ್ಸಿನ ಜಾತಕ ಬಿಚ್ಚಿತು. ಹೆಚ್ಚು ದಿನ ಹಿಡಿಯಲಿಲ್ಲ, ಕಂಪನಿ 3,84,181 ಕಾರುಗಳನ್ನು ವಾಪಸ್ ಕರೆಯಿತು. ಅದೇ ನವೆಂಬರಿನಲ್ಲಿ, ಬಿಸಿಲು-ತೇವದ ನಾಡುಗಳಲ್ಲಿ ತೊಂದರೆ ಕೊಡುತ್ತದೆಂದು ಜಗತ್ತಿನಾದ್ಯಂತ 16 ಲಕ್ಷ ಕಾರುಗಳ ಗೇರಿನ ಎಣ್ಣೆ ಬದಲಿಸಲು ಮುಂದಾಯಿತು. ಟಿ.ವಿ.ಯಲ್ಲಿ ಒಂದು ಸಂಜೆ ತೋರಿಸಿದ್ದಕ್ಕೆ ಅಷ್ಟು. ನಮ್ಮ ಟಿ.ವಿ.ಯವರು ಗಾಡಿಯ ವಿಷಯ ಎತ್ತುವುದು ಅದರ ಫಲಕದ ಸಂಖ್ಯೆ ಕೂಡಿಸಿ ಭವಿಷ್ಯ ಹೇಳಲು.

ಹೊಸ ಎಣ್ಣೆಯಲ್ಲಿ ಗಾಡಿ ದೀಪಾವಳಿ ದಾಟಿತು. ಎಳ್ಳಮಾಸಿಗೆ ನಿಂತದ್ದು ಹೇಳಿದೆನಲ್ಲ. ಆ ಸಂಜೆ ಮಾಡಿದ ಘನಕಾರ್ಯ ಹೇಳಿಲ್ಲ: ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಊರತನಕ ಎಳೆದು ತಂದೆವು. ಹೀಗೆ ಎಳೆಯಕೂಡದೆಂದು ಪುಸ್ತಕದಲ್ಲಿದೆ. ಗೇರ್‌ಬಾಕ್ಸಿಗೆ ಎಣ್ಣೆ ಉಣಿಸುವ ಪಂಪು ಎಂಜಿನ್ ತಿರುಗಿದರೆ ಮಾತ್ರ ತಿರುಗುತ್ತದೆ, ಬರೀ ಗಾಲಿ ಉರುಳಿದರೆ ಒಳಗಿನ ಹಲ್ಲುಗಳು ಒಣಗಿದ ಬಾಯಲ್ಲಿ ಅಗಿಯುತ್ತವೆ. ಪುಸ್ತಕ ಓದಿದ್ದು ಎಳೆದು ತಂದ ಮೇಲೆ. ಜನ ಮೊದಲು ನೆಚ್ಚಿ ಕೊಂಡ ಆಟೋಮ್ಯಾಟಿಕ್ ಗೇರು ಅಮೆರಿಕದ ಓಲ್ಡ್ಸ್‌ಮೊಬಿಲ್‌ನ 1940ರ ಮಾದರಿಯದು, ಹೈಡ್ರಾಮ್ಯಾಟಿಕ್ ಎಂದು ಹೆಸರು. ಅದು ಎರಡನೇ ಮಹಾಯುದ್ಧದ ಟ್ಯಾಂಕುಗಳನ್ನೂ ಎಳೆಯಿತು. ಎಂಬತ್ತು ವರ್ಷದ ಸುಧಾರಣೆಯ ಮೇಲೆ ನನ್ನದಕ್ಕೆ ಭಜ್ಜಿಯ ಬುಟ್ಟಿ ಭಾರವಾಯಿತು.

ಲಾರಿಯ ಬೆನ್ನ ಮೇಲೆ ಮಲಗಿ ಗಾಡಿ ಹೈದರಾಬಾದಿಗೆ ಹೋಯಿತು. ದೊಡ್ಡ ಗ್ಯಾರೇಜು, ಹೆಸರು ಬೇಡ. ಎಸಿ ಇದೆ, ಕಾಫಿ ಕೊಡುತ್ತಾರೆ, ಕಾಫಿಯ ರೊಕ್ಕ ಬಿಲ್ಲಿನಲ್ಲಿ ಎಲ್ಲೋ ಇರುತ್ತದೆ. ಮಿಸ್ತ್ರಿ ಅನ್ನುವಂತಿಲ್ಲ, ಅಡ್ವೈಸರ್ ಎನ್ನಬೇಕು. ಹುಡುಗ ಸ್ಕ್ಯಾನರ್ ಚುಚ್ಚಿ ಒಂದು ಸಂಖ್ಯೆ ಓದಿದ: ಪಿ-0700. ಅರ್ಥ ಕೇಳಿದೆ. ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ದೋಷವಿದೆ, ಅದನ್ನೇ ಕೇಳಿ ತಿಳಿಯಿರಿ ಎಂದು ಎಂಜಿನ್ನಿನ ಕಂಪ್ಯೂಟರ್ ಹೇಳುತ್ತಿದೆಯಂತೆ. ತಹಶೀಲ್ ಕಚೇರಿ ಕಂಡವನಿಗೆ ಇದು ಹೊಸ ಭಾಷೆಯಲ್ಲ, ಪಕ್ಕದ ಟೇಬಲ್ಲಿಗೆ ಹೋಗಿ ಅಂತ. ಪಕ್ಕದ ಟೇಬಲ್ಲೂ ಮಾತಾಡಿತು, ಕೇಳದ ವಿಷಯವನ್ನೂ ಒದರಿತು. ಮೀಟರಿನಲ್ಲಿ ಆಗ 71 ಸಾವಿರವಿತ್ತು. ಗೇರ್‌ಬಾಕ್ಸಿನ ನೆನಪಿನಲ್ಲಿ 1 ಲಕ್ಷ 57 ಸಾವಿರ. ಎತ್ತಿನ ಹಲ್ಲು ತಿದ್ದಿ ವಯಸ್ಸು ಇಳಿಸಿದವರನ್ನು ನಮ್ಮ ಸಂತೆಯಲ್ಲಿ ನಾನಂತೂ ಕಂಡಿಲ್ಲ. ಇದಕ್ಕೆ ಒಂದು ಲ್ಯಾಪ್‌ಟಾಪು, ಅರ್ಧ ತಾಸು ಸಾಕಂತೆ. ಪಾಪ, ಡಾಕ್ಟರ ಆಸ್ಪತ್ರೆ ಭಾಳ ದೂರ ಇದ್ದಿರಬೇಕು.

ರಿಪೇರಿ ಆಗುವುದಿಲ್ಲವೇ ಎಂದೆ. ಅಡ್ವೈಸರ್ ನನ್ನನ್ನು ಕನಿಕರದಿಂದ ನೋಡಿದ. ಅಲ್ಲಿ ಯಾವುದನ್ನೂ ರಿಪೇರಿ ಮಾಡುವುದಿಲ್ಲ, ಅಸೆಂಬ್ಲಿ ಬದಲಿಸುತ್ತಾರೆ. ನಮ್ಮಲ್ಲೂ ಅಸೆಂಬ್ಲಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ, ಗೇರು ಬಿದ್ದದ್ದು ನೋಡಿಲ್ಲ. ಅಂದಾಜು ಪಟ್ಟಿ 5 ಲಕ್ಷ 60 ಸಾವಿರ. ಅಷ್ಟೊತ್ತಿಗೆ ತೊಗರಿ ಇಳಿದಿತ್ತು, ಆ ಹಂಗಾಮಿನ ಬೆಂಬಲ ಬೆಲೆ 7,550 ರೂಪಾಯಿ. 74 ಕ್ವಿಂಟಲ್. ಎಕರೆಗೆ ನಾಲ್ಕು ಬಂದರೆ ದೊಡ್ಡ ಮಾತೆನ್ನುವ ನೆಲದಲ್ಲಿ, ಹದಿನೆಂಟು ಎಕರೆ ಪೂರಾ ಒಂದು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಬಿಗಿದ ಹಾಗೆ. ಆ ಮುಚ್ಚಳ ತೆರೆದು ನೋಡುವಂತೆಯೂ ಇಲ್ಲ, ಒಳಗಿರುವುದು ಲೈಫ್‌ಟೈಮ್ ಎಣ್ಣೆ.

ಗಾಡಿ ಮತ್ತೆ ಲಾರಿ ಹತ್ತಿ ಊರಿಗೆ ಬಂತು. ಬರುವಾಗ ಅಡ್ವೈಸರ್ ಏನೋ ಒರೆಸಿ ಏನೋ ಅಳಿಸಿ ಹೊಸ ಅಡಾಪ್ಟೇಶನ್ ಮಾಡಿಕೊಟ್ಟಿದ್ದ. ತಣ್ಣಗಿದ್ದಾಗ ಒಂದಿಪ್ಪತ್ತು ನಿಮಿಷ ರಾಜನ ಹಾಗೆ ನಡೆಯುತ್ತದೆ, ಬಿಸಿಯಾದ ಮೇಲೆ ಮೂರನೇ ಗೇರಿಗೆ ಕಚ್ಚಿಕೊಂಡು ಕುಂಟುತ್ತದೆ. ಈಗ ಬೇವಿನ ಗಿಡದ ಕೆಳಗಿದೆ. ಹಿಂದಿನ ಸೀಟು ಮಲಗಿಸಿದರೆ ಬಿತ್ತನೆ ಬೀಜದ ಆರು ಚೀಲ ಹಿಡಿಯುತ್ತವೆ. ಬೆಲ್ಟು ಹಾಕುವವರೆಗೆ ಈಗಲೂ ಕುಂಯ್‌ಗುಡುತ್ತದೆ.

ಮೊನ್ನೆ ಸೊಲ್ಲಾಪುರ ಕಡೆಯಿಂದ ಇಬ್ಬರು ಗಾಡಿ ನೋಡಲು ಬಂದರು. ಅಕ್ಕನ ಮಗ ಮೊಬೈಲಿನಲ್ಲಿ ಹನ್ನೊಂದು ಫೋಟೊ ಹಾಕಿದ್ದನಂತೆ. ನಸುಕಿನ ತಂಪಿನಲ್ಲೇ ಬರಹೇಳಿದ್ದೆ. ಊರ ಸುತ್ತ ಒಂದು ರೌಂಡು ಹೊಡೆದು ಬಂದರು, ಹದಿನೈದು ನಿಮಿಷ. ಮುದ್ರೆಯ ಮೇಲೆ ಕೈ ಸವರಿದರು. ಮುತ್ಯಾ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಎಲ್ಲಾ ಚಲೋ ಅದ್ರಿ. ಗೇರು ಬೀಳೋ ಮುಂದ ಒಂದೀಟು ಜಗ್ತದಲ್ರೀ?” ಎಂದ ಒಬ್ಬ.

“ಅದು ಅಡಾಪ್ಟೇಶನ್‌ರೀ,” ಅಂದೆ. “ನಿಮ್ಮ ಹವಾ ಹಿಡೀಬೇಕಲ್ರೀ ಗಾಡಿ.”

ಅವರು ತಲೆಯಾಡಿಸಿದರು. ಗೇರಿನ ಎಣ್ಣೆ ಕೇಳಿದರು, ಲೈಫ್‌ಟೈಮ್ ಎಂದೆ. ಮೊದಲಿನ ಮಾಲೀಕರು ಯಾರೆಂದು ಕೇಳಿದರು, ಡಾಕ್ಟರು ಎಂದೆ. ದರದ ಮಾತು ಬಂತು. ಮುತ್ಯಾ ಕಟ್ಟೆ ಇಳಿದು ಬಂದ, ಏನೂ ಮಾತಾಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಮೇಲೆ ಹಾಸಿ, ಎಲೆ ಉಗುಳಲು ಗಿಡದ ಆಚೆ ಹೋದ.